ಪುಕ್ಕಟೆ ಕೇಳೋದು ಕಳ್ಳತನವಾ?

ಶಿವಮೊಗ್ಗದ ಓದುಗರೊಬ್ಬರು ಎರಡೂವರೆ ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗ ಇಲ್ಲ. ಹೆಸರು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. ವಿಷಯ ಇಷ್ಟು. ಇಂಜಿನಿಯರಿಂಗ್ ಕೊನೇ ವರ್ಷ. ಅಮೆರಿಕದ ಇಬ್ಬರು ಗೆಳೆಯರು ನಡೆಸುವ ಒಂದು ಗೇಮಿಂಗ್ ಪಾಡ್‌ಕ್ಯಾಸ್ಟನ್ನು, ಅಂದರೆ ವಿಡಿಯೋ ಗೇಮ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರುವ ಹರಟೆಯನ್ನು, ನಾಲ್ಕು ವರ್ಷದಿಂದ ವಾರ ತಪ್ಪದೆ ಕೇಳುತ್ತಿದ್ದಾರೆ, ಪುಕ್ಕಟೆಯಾಗಿ. ಈಗ ಪ್ರತಿ ಕಂತಿನ ಕೊನೆಗೆ 'ತಿಂಗಳಿಗೆ 5 ಡಾಲರ್ ಕೊಟ್ಟು ಪೇಟ್ರಿಯಾನ್‌ನಲ್ಲಿ ಸೇರಿ' ಎಂಬ ಮನವಿ ಬರುತ್ತದೆ. (ಇಷ್ಟಪಟ್ಟವರು ಕಲಾವಿದರಿಗೆ ನೇರವಾಗಿ ದುಡ್ಡು ಕೊಡುವ ವೆಬ್‌ಸೈಟ್ ಅದು.) ಇವರು ಅದನ್ನು ಮುಂದೆ ಓಡಿಸಿಬಿಡುತ್ತಾರೆ. ಆಮೇಲೆ ಏನೋ ಕದ್ದ ಹಾಗೆ ಅನ್ನಿಸುತ್ತದಂತೆ. ರೂಮ್‌ಮೇಟ್ ಹೇಳುವುದು ಬೇರೆ: 'ಫ್ರೀ ಅಂತ ಅವರೇ ಹೇಳಿದ ಮೇಲೆ ದುಡ್ಡು ಯಾಕೆ ಕೊಡ್ಬೇಕು? ಜಾಹೀರಾತು ಕೇಳ್ತೀಯಲ್ಲ, ಅಷ್ಟು ಸಾಕು.' ಒಂದು ಸಲ ಕಟ್ಟಲು ಹೋದಾಗ ಕಾರ್ಡ್ ಡಿಕ್ಲೈನ್ ಆಯಿತು. ಪತ್ರದ ಕೊನೆಗೆ ಒಂದು ತಾ.ಕ. ಇದೆ: ನಮ್ಮ ಪತ್ರಿಕೆಯನ್ನು ಅವರು ಓದುವುದು ಲೈಬ್ರರಿಯಲ್ಲಿ, ಕಳೆದ ಸಂಚಿಕೆಯ ಒಂದು ಹಾಳೆಯನ್ನು ಯಾರೋ ಹರಿದುಕೊಂಡು ಹೋಗಿದ್ದಾರೆ, ಅದೊಂದನ್ನು ಕಳಿಸಿಕೊಡಲು ಆಗುತ್ತದಾ?

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಆಮೇಲೆ ಹರಟೋಣ. ಕಳ್ಳತನ ಅಲ್ಲ. ಬಾಗಿಲು ತೆರೆದಿಟ್ಟು 'ಬನ್ನಿ' ಎಂದವರ ಮನೆಗೆ ಹೋದರೆ ಅದು ಕಳ್ಳತನ ಹೇಗಾಗುತ್ತದೆ? ಈಗ ನಿಮಗೆ ಸಂಬಳ ಇಲ್ಲ, ಮನೆಯಿಂದ ಬರುವ ದುಡ್ಡಿನಲ್ಲಿ ಮೆಸ್ ಬಿಲ್ ಕಟ್ಟುತ್ತಿದ್ದೀರಿ. ಇದಕ್ಕೆ ಕಟ್ಟಬೇಡಿ. ಕೆಲಸ ಸಿಕ್ಕಿದ ಮೇಲೆ, ಆಗಲೂ ವಾರ ವಾರ ಕೇಳುತ್ತಿದ್ದರೆ, ಕಟ್ಟಿ. ಯಾಕೆ ಎಂದು ಹೇಳಬೇಕಾದರೆ ನಮ್ಮೂರಿನ ಗದ್ದೆಗೆ ಹೋಗಬೇಕು.

ನಾನು ಮಂಗಳೂರು ಕಡೆಯವನು. ನಮ್ಮಲ್ಲಿ ಯಕ್ಷಗಾನಕ್ಕೆ 'ಆಟ' ಎಂದೇ ಹೆಸರು. ನಿಮ್ಮ ಗೇಮಿಗೂ ನಮ್ಮದಕ್ಕೂ ಒಂದೇ ಪದ, ನೋಡಿ. ಟೆಂಟ್ ಮೇಳದ ಆಟಕ್ಕೆ ಟಿಕೆಟ್. ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಹರಕೆ ಹೊತ್ತ ಮನೆಯವರು ಕಟೀಲು ಮೇಳಕ್ಕೋ ಧರ್ಮಸ್ಥಳ ಮೇಳಕ್ಕೋ ದುಡ್ಡು ಕಟ್ಟುತ್ತಾರೆ, ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ, ಕಡೆಗೊಂದು ದಿನ ಅವರ ಮನೆ ಎದುರಿನ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ಇಡೀ ಊರು ಬಂದು ಕೂರುತ್ತದೆ. ನಾನು ಹುಡುಗನಾಗಿದ್ದಾಗ ನೋಡಿದ ಆಟಗಳಲ್ಲಿ ಒಂದಕ್ಕೂ ನಮ್ಮ ಮನೆಯಿಂದ ಒಂದು ರೂಪಾಯಿ ಹೋಗಿರಲಿಲ್ಲ. ಆದರೂ ಚಾಪೆ ಹಿಡಿದುಕೊಂಡು ಹೋಗಿ ಎದುರು ಸಾಲಿನಲ್ಲೇ ಕೂರುತ್ತಿದ್ದೆ. ಮಹಿಷಾಸುರ ಜನರ ಹಿಂದಿನಿಂದ ದೊಂದಿ ಹಿಡಿದು ಅಬ್ಬರಿಸುತ್ತಾ ಬರುವಾಗ ಚಾಪೆ ಅಲ್ಲೇ ಬಿಟ್ಟು ಓಡುತ್ತಿದ್ದೆ. 'ದುಡ್ಡು ಕೊಡದವನು ಮುಂದೆ ಯಾಕೆ ಕೂತಿದ್ದಾನೆ' ಎಂದು ಯಾರೂ ಕೇಳಲಿಲ್ಲ. ಆಟ ಆಡಿಸಿದವರು ಕಟ್ಟಿದ್ದೇ ಊರು ನೋಡಲಿ ಎಂದು. ಗದ್ದೆ ಖಾಲಿ ಇದ್ದರೆ ಅವರಿಗೇ ಬೇಜಾರು.

ಪೇಟ್ರಿಯಾನ್ ಲೆಕ್ಕವೂ ಹತ್ತಿರ ಹತ್ತಿರ ಇದೇ. ಜ್ಯಾಕ್ ಕಾಂಟೆ ಎಂಬ ಸಂಗೀತಗಾರ ಸ್ಯಾಮ್ ಯಾಮ್ ಜೊತೆ ಸೇರಿ 2013ರಲ್ಲಿ ಅದನ್ನು ಶುರು ಮಾಡಿದರು. ಕಾಂಟೆ ಸಾವಿರಾರು ಡಾಲರ್ ಸುರಿದು ಒಂದು ಮ್ಯೂಸಿಕ್ ವಿಡಿಯೋ ಮಾಡಿದ್ದರು. ಲಕ್ಷಗಟ್ಟಲೆ ಜನ ನೋಡಿದರೂ ಜಾಹೀರಾತಿನಿಂದ ಬರುವ ಚಿಲ್ಲರೆಯಲ್ಲಿ ಅದು ಗಿಟ್ಟುವ ಬಾಬತ್ತು ಆಗಿರಲಿಲ್ಲ. ಹಾಗಾಗಿ, ಇಷ್ಟಪಟ್ಟವರಲ್ಲಿ ಕೆಲವರಾದರೂ ನೇರವಾಗಿ ಕೊಡಲಿ ಎಂದು ದಾರಿ ಮಾಡಿದರು. ಕೊಟ್ಟವರಿಗೆ ಜಾಹೀರಾತಿಲ್ಲದ ಕಂತು, ತಿಂಗಳಿಗೊಂದು ಹೆಚ್ಚುವರಿ ಹರಟೆ, ಹೀಗೆ ಏನೋ ಸಿಗುತ್ತದೆ. ಅದನ್ನು ಪ್ರಸಾದ ಅಂದುಕೊಳ್ಳಿ. ಪ್ರಸಾದದ ಆಸೆಗೆ ಯಾರೂ ಆಟ ಆಡಿಸುವುದಿಲ್ಲ. ವಾರದ ಕಂತು ಎಲ್ಲರಿಗೂ ತೆರೆದೇ ಇರಲಿ ಎಂದು ಕೊಡುವವರೇ ಜಾಸ್ತಿ, ಕಡೇಪಕ್ಷ ನಾನು ಕೊಡುವುದು ಅದಕ್ಕೆ.

ಹೌದು, ನಾನೂ ಒಂದು ಗೇಮಿಂಗ್ ಪಾಡ್‌ಕ್ಯಾಸ್ಟಿಗೆ ಕೊಡುತ್ತೇನೆ. ಏಳು ವರ್ಷ ಪುಕ್ಕಟೆ ಕೇಳಿ ಆಮೇಲೆ ಶುರು ಮಾಡಿದೆ. ನಿಮಗಿಂತ ಮೂರು ವರ್ಷ ಜಾಸ್ತಿ, ಅದೂ ಸಂಬಳ ತಗೊಳ್ಳುತ್ತಾ. ಹಾಗಾಗಿ ಬುದ್ಧಿ ಹೇಳುವ ಯೋಗ್ಯತೆ ನನಗೇನೂ ಜಾಸ್ತಿ ಇಲ್ಲ.

ಇನ್ನು ನಿಮ್ಮ ರೂಮ್‌ಮೇಟ್ ಮಾತು. ಜಾಹೀರಾತು ಕೇಳಿದರೆ ದುಡ್ಡು ಕೊಟ್ಟ ಹಾಗೇ ಅಲ್ವಾ ಎಂಬುದು ನೋಡಲು ಸರಿ. ಆದರೆ ಆ ಜಾಹೀರಾತು ಅಮೆರಿಕದ ಒಂದು ಹಾಸಿಗೆ ಕಂಪನಿಯದ್ದು ಎಂದುಕೊಳ್ಳಿ. ಅವರು ಶಿವಮೊಗ್ಗಕ್ಕೆ ಹಾಸಿಗೆ ಕಳಿಸುತ್ತಾರಾ? ಪಾಡ್‌ಕ್ಯಾಸ್ಟ್ ಜಾಹೀರಾತಿನ ದರ ಸಾವಿರ ಡೌನ್‌ಲೋಡಿಗೆ ಇಷ್ಟು ಎಂದು ನಿಗದಿಯಾಗುತ್ತದೆ. ಕೇಳುಗರು ನಾಲ್ಕೈದು ಸಾವಿರ ಇದ್ದರೆ ಕೈಗೆ ಬರುವುದು ಕಾಫಿ ಖರ್ಚಿಗೆ ಸರಿ. ಅದರಲ್ಲೂ ಅಲ್ಲಿನ ಅನೇಕ ಜಾಹೀರಾತುದಾರರು ಅಲ್ಲಿನ ಕಿವಿಗಳನ್ನು ಮಾತ್ರ ಎಣಿಸುತ್ತಾರೆ. ನೀವು ಅವರ ಕೂಪನ್ ಕೋಡ್ ಹಾಕಿ ಹಾಸಿಗೆ ತರಿಸಿಕೊಳ್ಳುವ ಗಿರಾಕಿ ಅಲ್ಲ ಎಂದು ಅವರಿಗೆ ಗೊತ್ತು. ಅಂದರೆ ರೂಮ್‌ಮೇಟ್ ಅಷ್ಟೊಂದು ತಾಳ್ಮೆಯಿಂದ ಕೇಳುವ ಜಾಹೀರಾತಿನಿಂದ ಆ ಇಬ್ಬರಿಗೆ ಹೆಚ್ಚೇನೂ ದಕ್ಕುತ್ತಿಲ್ಲ, ಪಾಪ.

ಜಾಹೀರಾತು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಪತ್ರಿಕೆ ಉಸಿರಾಡುವುದೇ ಅದರಿಂದ. ಮುಖಬೆಲೆಯಲ್ಲಿ ಕಾಗದದ ಖರ್ಚೂ ಹುಟ್ಟುವುದಿಲ್ಲ. ಆದರೆ ದುಡ್ಡು ಕೊಡುವವರು ಯಾರು ಎಂಬುದಕ್ಕೂ ಬರೆಯುವವರ ಕೈ ಎಷ್ಟು ನಡುಗುತ್ತದೆ ಎಂಬುದಕ್ಕೂ ಸಂಬಂಧ ಇದೆ. ಕೆಲವು ವರ್ಷದ ಹಿಂದೆ ಒಂದು ಫೋನಿನ ಬಗ್ಗೆ ಬರೆದಿದ್ದೆವು. ಅರ್ಧ ಗಂಟೆ ಗೇಮ್ ಆಡಿದರೆ ದೋಸೆ ಕಾವಲಿ ಹಾಗೆ ಬಿಸಿಯಾಗುತ್ತದೆ ಎಂದು. ಸಂಚಿಕೆ ಬಂದ ಮಾರನೇ ದಿನ, ಹಿಂದಿನ ರಕ್ಷಾಪುಟಕ್ಕೆ ಜಾಹೀರಾತು ಕೊಡುತ್ತಿದ್ದ ಅಂಗಡಿಯವರಿಂದ ಫೋನ್ ಬಂತು. ಜಗಳ ಏನೂ ಆಗಲಿಲ್ಲ, ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. ಮುಂದಿನ ಎರಡು ಸಂಚಿಕೆಗೆ ಆ ಪುಟದಲ್ಲಿ ನಮ್ಮದೇ ಚಂದಾ ಫಾರಂ ಅಚ್ಚು ಹಾಕಿದೆವು. ಅದಾದ ಮೇಲೆ ಬಂದ ಇನ್ನೊಂದು ಫೋನಿನ ವಿಮರ್ಶೆಯಲ್ಲಿ ನಾನು 'ತುಂಬಾ ಬಿಸಿ' ಎಂಬುದನ್ನು 'ಸ್ವಲ್ಪ ಬೆಚ್ಚಗೆ' ಎಂದು ತಿದ್ದಿದ್ದೆ. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ. ಅದೇ ಬೇಜಾರಿನ ವಿಷಯ.

ಗೇಮಿಂಗ್ ಲೋಕದಲ್ಲಿ ಇದರ ದೊಡ್ಡ ಕಥೆ ಜೆಫ್ ಗರ್ಸ್ಟ್‌ಮನ್ ಅವರದ್ದು. ಗೇಮ್‌ಸ್ಪಾಟ್ ಎಂಬ ಗೇಮ್ ವಿಮರ್ಶೆಯ ಸೈಟಿನಲ್ಲಿದ್ದವರು. 2007ರ ನವೆಂಬರಿನಲ್ಲಿ 'ಕೇನ್ ಆ್ಯಂಡ್ ಲಿಂಚ್: ಡೆಡ್ ಮೆನ್' ಎಂಬ ಗೇಮಿಗೆ 10ಕ್ಕೆ 6 ಅಂಕ ಕೊಟ್ಟರು. ಅದೇ ಹೊತ್ತಿಗೆ ಸೈಟಿನ ತುಂಬಾ ಅದೇ ಗೇಮಿನ ಜಾಹೀರಾತು. ತಿಂಗಳು ಮುಗಿಯುವುದರೊಳಗೆ ಕೆಲಸ ಹೋಯಿತು. ಒಪ್ಪಂದಕ್ಕೆ ಕಟ್ಟುಬಿದ್ದು ವರ್ಷಗಟ್ಟಲೆ ಬಾಯಿ ಬಿಡುವ ಹಾಗಿರಲಿಲ್ಲ. 2012ರಲ್ಲಿ ಆ ಕಟ್ಟು ಬಿಚ್ಚಿದ ಮೇಲೆ, ಜಾಹೀರಾತುದಾರರ ಒತ್ತಡ ಇದ್ದದ್ದು ಹೌದು ಎಂದು ಅವರೇ ಹೇಳಿದರು. ಕೆಲಸ ಹೋದ ಮರುವರ್ಷವೇ, 2008ರಲ್ಲಿ, ರಯಾನ್ ಡೇವಿಸ್ ಮುಂತಾದ ಗೆಳೆಯರನ್ನು ಸೇರಿಸಿಕೊಂಡು ಜೈಂಟ್ ಬಾಂಬ್ ಎಂಬ ತಮ್ಮದೇ ಗೇಮ್ ಸೈಟ್ ಶುರು ಮಾಡಿದ್ದರು. ವಾರ ವಾರ 'ಜೈಂಟ್ ಬಾಂಬ್‌ಕಾಸ್ಟ್', ಪುಕ್ಕಟೆ, ಎರಡು ಮೂರು ಗಂಟೆ ಹರಟೆ. ಅದರಲ್ಲಿ ಗೇಮ್ ಅರ್ಧ, ಕುರುಕಲು ತಿಂಡಿ ಅರ್ಧ. 2010ರಲ್ಲಿ ಕೇಳುಗರಿಂದ ಚಂದಾ ತಗೊಳ್ಳಲು ಶುರು ಮಾಡಿದರು. ಪೇಟ್ರಿಯಾನ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲು!

ಆಮೇಲೆ ಆ ಸಂಸ್ಥೆ ಕೈಯಿಂದ ಕೈಗೆ ಹೋಯಿತು. 2012ರಲ್ಲಿ ಸಿಬಿಎಸ್, 2022ರಲ್ಲಿ ಫ್ಯಾಂಡಮ್. ಅದೇ 2022ರಲ್ಲಿ ಗರ್ಸ್ಟ್‌ಮನ್ ಹೊರಬಂದು ಪೇಟ್ರಿಯಾನ್ ನಂಬಿಕೊಂಡು ಒಬ್ಬರೇ ಪಾಡ್‌ಕ್ಯಾಸ್ಟ್ ಮಾಡತೊಡಗಿದರು. 2025ರಲ್ಲಿ ಜೈಂಟ್ ಬಾಂಬ್ ಇನ್ನೇನು ಮುಗಿಯಿತು ಅನ್ನುವ ಹೊತ್ತಿಗೆ, ಮೇ ತಿಂಗಳಲ್ಲಿ, ಅಲ್ಲೇ ಕೆಲಸ ಮಾಡುತ್ತಿದ್ದ ಜೆಫ್ ಬಕಲಾರ್ ಮತ್ತು ಜೆಫ್ ಗ್ರಬ್ ಅದನ್ನು ಕೊಂಡುಕೊಂಡರು. (ಒಟ್ಟು ಮೂರು ಜೆಫ್. ಈ ಕಥೆ ಹೇಳುವಾಗ ನನಗೂ ಗೊಂದಲ ಆಗುತ್ತದೆ.) ಇಬ್ಬರು ನೌಕರರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು? ನನ್ನ ಪ್ರಕಾರ, ಬ್ಯಾನರ್ ಜಾಹೀರಾತು ನೋಡಿ ಅಲ್ಲ, ತಿಂಗಳು ತಿಂಗಳು ಚಂದಾ ಕಟ್ಟುವ ಜನ ಬೆನ್ನಿಗಿದ್ದರು ಎಂದು. ಇದೊಂದೇ ಅಲ್ಲ. 2016ರ ಫೆಬ್ರವರಿಯಲ್ಲಿ ಗೇಮ್‌ಟ್ರೇಲರ್ಸ್ ಎಂಬ ಗೇಮ್ ಸೈಟ್ ಮುಚ್ಚಿದಾಗ ಅಲ್ಲಿನವರು ಮರುತಿಂಗಳೇ ಈಸಿ ಆಲೈಸ್ ಎಂಬ ತಮ್ಮದೇ ತಂಡ ಕಟ್ಟಿದರು. 2023ರ ನವೆಂಬರಿನಲ್ಲಿ ಎಸ್ಕೇಪಿಸ್ಟ್ ಎಂಬ ಇನ್ನೊಂದು ಸೈಟ್ ಬಿಟ್ಟುಬಂದವರು ಹಾಗೆಯೇ ಸೆಕೆಂಡ್ ವಿಂಡ್ ಮಾಡಿದರು. ಎಲ್ಲದಕ್ಕೂ ಕೇಳುಗರ, ನೋಡುಗರ ದುಡ್ಡೇ ಬಂಡವಾಳ.

ಇಬ್ಬರು ಕೂತು ಹರಟುವುದಕ್ಕೆ ಅಷ್ಟೆಲ್ಲ ಖರ್ಚೇನು ಎಂದು ನಾನೂ ಕೇಳುತ್ತಿದ್ದೆ. ನಮ್ಮ ಕಚೇರಿಯಲ್ಲೇ ಒಂದು ಪಾಡ್‌ಕ್ಯಾಸ್ಟ್ ಮಾಡುವವರೆಗೆ. ಆರು ಕಂತಿಗೆ ನಿಂತುಹೋಯಿತು. ಫ್ಯಾನ್ ಹಾಕಿದರೆ ಗರಗರ, ಆರಿಸಿದರೆ ಬೆವರು. ಕಿಟಕಿ ಮುಚ್ಚಿದರೂ ಟೊಮೆಟೊ ಗಾಡಿಯವರ ಮೈಕ್ 'ಕೆಜಿಗೆ ಇಪ್ಪತ್ತು, ಕೆಜಿಗೆ ಇಪ್ಪತ್ತು' ಎಂದು ನೇರ ರೆಕಾರ್ಡಿಂಗ್ ಒಳಗೆ. ನಲವತ್ತು ನಿಮಿಷದ ಮಾತಿನಿಂದ ಆ ಟೊಮೆಟೊ ತೆಗೆಯಲು ನಮ್ಮ ಹುಡುಗ ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಇದರ ಮೇಲೆ ಗೇಮಿಂಗ್ ಪಾಡ್‌ಕ್ಯಾಸ್ಟ್ ಅಂದರೆ ಗೇಮ್ ಆಡಿರಲೇಬೇಕು. ಅಲ್ಲಿ ದೊಡ್ಡ ಗೇಮ್ ಒಂದಕ್ಕೆ 70 ಡಾಲರ್. ನಲವತ್ತು ಗಂಟೆ ಆಡಿ ಮುಗಿಸಿದರೆ ಹದಿನೈದು ನಿಮಿಷದ ಅಭಿಪ್ರಾಯ ಹುಟ್ಟುತ್ತದೆ. ಇಷ್ಟವಿಲ್ಲದ ಗೇಮನ್ನೂ ಆಡಬೇಕು. ಅದು ಆಟ ಅಲ್ಲ, ದುಡಿಮೆ.

ಎಷ್ಟು ಕೊಡಬೇಕು? ಐದೇ ಡಾಲರ್ ಕೊಡಬೇಕೆಂದು ಇಲ್ಲ. ಅನೇಕ ಕಡೆ 1 ಡಾಲರಿನ ಹಂತವೂ ಇರುತ್ತದೆ, ಅದನ್ನು ಕೀಳಾಗಿ ನೋಡಬೇಡಿ. 2017ರ ಡಿಸೆಂಬರಿನಲ್ಲಿ ಪೇಟ್ರಿಯಾನ್ ಒಂದು ಎಡವಟ್ಟು ಮಾಡಿತು. ಪ್ರತಿ ವಂತಿಗೆಯ ಮೇಲೂ 2.9 ಶೇಕಡಾ ಮತ್ತು 35 ಸೆಂಟ್ ಶುಲ್ಕವನ್ನು ಕೊಡುವವರ ತಲೆಗೇ ಹಾಕುತ್ತೇವೆ ಎಂದಿತು. 1 ಡಾಲರ್ ಕೊಡುವವರು 1.38 ಡಾಲರ್ ತೆರಬೇಕು. ಅಂಥವರು ಒಂದೆರಡಲ್ಲ, ನಾಲ್ಕಾರು ಕಡೆ ಒಂದೊಂದು ಡಾಲರ್ ಹಂಚುತ್ತಿದ್ದವರು. ದಡದಡ ಎಂದು ಬಿಟ್ಟುಹೋಗತೊಡಗಿದರು. ಗಾಬರಿಯಾದವರು ಪಾಡ್‌ಕ್ಯಾಸ್ಟ್ ಮಾಡುವವರು, ಚಿತ್ರ ಬರೆಯುವವರು, ಕಾಮಿಕ್ಸ್ ಮಾಡುವವರು. ಒಂದು ವಾರದಲ್ಲಿ ಕಂಪನಿ ಕ್ಷಮೆ ಕೇಳಿ ವಾಪಸ್ ತಗೊಂಡಿತು. ಆ ಒಂದು ಡಾಲರ್ ಜನ ಎಷ್ಟು ಮುಖ್ಯ ಎಂದು ಆಗ ಎಲ್ಲರಿಗೂ ಅರ್ಥ ಆಯಿತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನೇ ಹಾಗೆ ಮಾಡಿದ್ದೆ. ಕಟ್ಟಲು ಶುರು ಮಾಡಿದ ಎರಡನೇ ತಿಂಗಳಿಗೇ ನನಗೆ ಯಜಮಾನಿಕೆ ಬಂದುಬಿಟ್ಟಿತು. ಈ ವಾರ ಕಂತು ಯಾಕೆ ತಡ, ಆ ಗೇಮ್ ಬಗ್ಗೆ ಯಾಕೆ ಮಾತಾಡಲಿಲ್ಲ ಎಂದು ಉದ್ದುದ್ದ ಮೇಲ್ ಬರೆದೆ. ಹರಕೆ ಹೊತ್ತವರು ಪ್ರಸಂಗ ಯಾವುದು ಎಂದು ಹೇಳಬಹುದು, ಭಾಗವತರ ಕೈಯಿಂದ ಜಾಗಟೆ ಕಿತ್ತುಕೊಳ್ಳುವುದಿಲ್ಲ. ಇಷ್ಟವಾಗದಿದ್ದರೆ ಸುಮ್ನೆ ನಿಲ್ಲಿಸಿ. ಮುಖ್ಯವಾಗಿ, ವಾರದ ಕಂತು ಬರಬರುತ್ತಾ ಇಪ್ಪತ್ತು ನಿಮಿಷಕ್ಕೆ ಇಳಿದು 'ಉಳಿದದ್ದು ದುಡ್ಡು ಕೊಟ್ಟವರಿಗೆ' ಎಂದಾಯಿತೋ, ಆಗ ಅದು ಟೆಂಟ್ ಮೇಳ ಆಯಿತು ಎಂದು ಲೆಕ್ಕ. ಅದರಲ್ಲೂ ತಪ್ಪೇನಿಲ್ಲ. ಆದರೆ ಟಿಕೆಟಿನ ದುಡ್ಡಿಗೆ ಆಟ ಬೆಲೆಬಾಳುತ್ತದಾ ಎಂದು ಜಿಪುಣರ ಹಾಗೆ ನೋಡಿಯೇ ಕೊಳ್ಳಿ. ಅಲ್ಲಿ ಋಣದ ಮಾತು ಬರುವುದಿಲ್ಲ.

ಈಗ ಕಾರ್ಡಿನ ವಿಷಯ. ನನ್ನದೂ ಮೂರು ಸಲ ಡಿಕ್ಲೈನ್ ಆಗಿತ್ತು, ರಾತ್ರಿ ಹನ್ನೊಂದಕ್ಕೆ, ದಾನ ಮಾಡಲು ಹೋಗಿ ಅವಮಾನ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಸೆಟ್ಟಿಂಗಿಗೆ ಹೋಗಿ 'ಇಂಟರ್‌ನ್ಯಾಷನಲ್' ಎಂಬ ಸ್ವಿಚ್ ಆನ್ ಮಾಡಬೇಕು, ಹೊಸ ಕಾರ್ಡುಗಳಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ. ಆಮೇಲೆ ತಿಂಗಳ ಕಡಿತದ ತಕರಾರು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ತಾನಾಗಿ ದುಡ್ಡು ಹೋಗಬೇಕಾದರೆ ನಿಮ್ಮ ಒಪ್ಪಿಗೆ ಮೊದಲೇ ದಾಖಲಾಗಿರಬೇಕು, 24 ಗಂಟೆ ಮುಂಚೆ ಮೆಸೇಜ್ ಬರಬೇಕು. ವಿದೇಶದ ಎಷ್ಟೋ ಕಡೆ ಈ ವ್ಯವಸ್ಥೆಗೆ ಹೊಂದಿಕೊಂಡಿಲ್ಲ, ಹಾಗಾಗಿ ಮೊದಲ ತಿಂಗಳು ಹೋದ ದುಡ್ಡು ಎರಡನೇ ತಿಂಗಳು ಹೋಗುವುದಿಲ್ಲ. ವರ್ಷದ ಚಂದಾ ಇದ್ದರೆ ಅದನ್ನೇ ಕಟ್ಟಿ, ವರ್ಷಕ್ಕೊಂದೇ ಸಲ ಓಟಿಪಿ, ಕೆಲವು ಕಡೆ ಸ್ವಲ್ಪ ರಿಯಾಯಿತಿಯೂ ಇರುತ್ತದೆ. ಐಫೋನ್ ಆದರೆ ಪೇಟ್ರಿಯಾನ್ ಆ್ಯಪ್ ಒಳಗಿಂದ ಸೇರಬೇಡಿ, ಬ್ರೌಸರಿನಲ್ಲಿ ತೆರೆದು ಸೇರಿ. ಆ್ಯಪ್ ಒಳಗೆ ಆಪಲ್ ಪಾಲು 30 ಶೇಕಡಾ ತನಕ ಹೋಗುತ್ತದೆ. ಡಾಲರ್ ಲೆಕ್ಕ ಆದ್ದರಿಂದ ಬ್ಯಾಂಕ್ ತನ್ನ ಪಾಲು ಎಂದು ಒಂದಿಷ್ಟು ಸೇರಿಸುತ್ತದೆ, ಸ್ಟೇಟ್‌ಮೆಂಟ್ ನೋಡಿ ಗಾಬರಿಯಾಗಬೇಡಿ.

ಅಲ್ಲಿವರೆಗೆ? ಮನವಿ ಬಂದಾಗ ಮುಂದೆ ಓಡಿಸಿ, ಸಂಕೋಚ ಬೇಡ. ಆಸಕ್ತಿ ಇರುವ ನಾಲ್ಕು ಗೆಳೆಯರಿಗೆ ಆ ಪಾಡ್‌ಕ್ಯಾಸ್ಟ್ ಕೇಳಿಸಿ, ಗದ್ದೆ ತುಂಬಲಿ. ವರ್ಷಕ್ಕೊಂದು ಸಲ ಅವರಿಗೆ ಎರಡು ಸಾಲು ಬರೆಯಿರಿ, ಶಿವಮೊಗ್ಗದಲ್ಲಿ ಒಬ್ಬರು ಕೇಳುತ್ತಿದ್ದಾರೆ ಎಂದು. ನಮಗೆ ಬರೆದ ಎರಡೂವರೆ ಪುಟ ನೋಡಿದರೆ ನಿಮಗದು ಕಷ್ಟ ಆಗಲಿಕ್ಕಿಲ್ಲ.

ಕೊನೆಗೆ ನಿಮ್ಮ ತಾ.ಕ. ಲೈಬ್ರರಿಯವರು ಕೊಳ್ಳುವುದು ಒಂದೇ ಪ್ರತಿ, ಅದನ್ನು ಎಷ್ಟು ಜನ ಓದುತ್ತಾರೆ ಎಂದು ಲೆಕ್ಕ ಹಾಕಲು ನಾನು ಯಾವತ್ತೂ ಹೋಗಿಲ್ಲ. ಹರಿದುಹೋದ ಹಾಳೆ, ಅಂದರೆ 33 ಮತ್ತು 34ನೇ ಪುಟ, ಅಂಚೆಯಲ್ಲಿ ಕಳಿಸಿದ್ದೇನೆ. ಜೊತೆಗೆ ಸಣ್ಣದೊಂದು ಗಮ್ ಟೇಪೂ ಇದೆ. ಓದಿ ರೂಮಿನಲ್ಲಿ ಇಟ್ಟುಕೊಳ್ಳಬೇಡಿ, ಲೈಬ್ರರಿಯ ಪ್ರತಿಗೇ ಅಂಟಿಸಿಬಿಡಿ.

— ಸಂ.