ಕೈ ಆಡಿಸುವವರಿಗೆ ಯಾಕಿಷ್ಟು ಚಪ್ಪಾಳೆ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು ಹಿರಿಯ ಕಂಡಕ್ಟರ್‌ಗಳನ್ನು, ಅಂದರೆ ಆರ್ಕೆಸ್ಟ್ರಾದ (ವಾದ್ಯವೃಂದದ) ಮುಂದೆ ನಿಂತು ಕೈಸನ್ನೆಯಿಂದ ಅದನ್ನು ನಡೆಸುವವರನ್ನು, ಹೊಗಳಿ ಬರೆದದ್ದು ನಿಮಗೆ ಹಿಡಿಸಿಲ್ಲ. ಪರವಾಗಿಲ್ಲ, ಜಗಳ ಕಾಯುವ ಪತ್ರಗಳೇ ನಮಗೆ ಜಾಸ್ತಿ ಇಷ್ಟ.

ನೀವು ನೋಡಿದ್ದು 2020ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್ ಉತ್ಸವದಲ್ಲಿ ನಡೆದ ಕಛೇರಿಯ ರೆಕಾರ್ಡಿಂಗ್. ಪಿಯಾನೊದಲ್ಲಿ ಮಾರ್ಥಾ ಆರ್ಗೆರಿಚ್, ಆಗ 79 ವರ್ಷ. ಕಂಡಕ್ಟರ್ ಹರ್ಬರ್ಟ್ ಬ್ಲೂಮ್‌ಸ್ಟೆಟ್, 93. ನುಡಿಸಿದ್ದು ಬೀಥೋವನ್‌ನ ಮೊದಲನೇ ಪಿಯಾನೊ ಕನ್ಸರ್ಟೊ, ಅಂದರೆ ಪಿಯಾನೊ ಮುಂದಿದ್ದು ಆರ್ಕೆಸ್ಟ್ರಾ ಜೊತೆಗೂಡುವ ಕೃತಿ. ನಿಮ್ಮ ಪತ್ರದ ಸಾರ ಇಷ್ಟು: "ಆ ತಾಯಿಯ ಬೆರಳುಗಳಿಂದ ಕಣ್ಣು ಕೀಳಲಾಗಲಿಲ್ಲ. ಆದರೆ ಆ ಅಜ್ಜ ಮಾಡಿದ್ದೇನು? ಕೈಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಸುಮ್ನೆ ಕೈ ಆಡಿಸಿದರು. ವಾದ್ಯದವರಲ್ಲಿ ಅರ್ಧ ಜನ ಅವರತ್ತ ತಲೆಯೆತ್ತಿಯೂ ನೋಡಲಿಲ್ಲ. ಅವರಿಲ್ಲದೆಯೂ ಕಛೇರಿ ನಡೆಯುತ್ತಿತ್ತು, ಅಲ್ವಾ?" ಜೊತೆಗೆ ಇನ್ನೆರಡು ಪ್ರಶ್ನೆ: ಇಬ್ಬರಲ್ಲಿ ಯಜಮಾನರು ಯಾರು, ಮತ್ತು ಇಂಥ ಕಛೇರಿಗೆ ಹೋದರೆ ಎಲ್ಲಿ ಕೂರಬೇಕು.

ಮೊದಲನೆಯದಕ್ಕೆ ನೇರ ಉತ್ತರ: ಹೌದು, ನಡೆಯುತ್ತಿತ್ತು. ಮೊಟ್ಜಾರ್ಟ್ ಕಾಲದಲ್ಲಿ ಹಾಗೇ ನಡೆಯುತ್ತಿತ್ತು. ಸಂಗೀತ ಬರೆದವರೇ ಪಿಯಾನೊ ಮುಂದೆ ಕೂತು, ನುಡಿಸುತ್ತಲೇ ತಂಡವನ್ನೂ ನಡೆಸುತ್ತಿದ್ದರು. ಇವತ್ತಿಗೂ ಪಿಯಾನಿಸ್ಟ್ ಮಿತ್ಸುಕೊ ಉಚಿದಾ ಮೊಟ್ಜಾರ್ಟ್ ಕನ್ಸರ್ಟೊಗಳನ್ನು ಹೀಗೆ ನುಡಿಸುತ್ತಾರೆ. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಲ್ಲಿ ಶುರುವಾದಾಗಿನಿಂದ ಕಂಡಕ್ಟರ್ ಇಲ್ಲದೆಯೇ ನುಡಿಸುತ್ತಿದೆ. ಆದರೆ ಪಿಯಾನಿಸ್ಟ್ ಒಬ್ಬರೇ ಎರಡೂ ಕೆಲಸ ಹೊತ್ತಾಗ ವೇದಿಕೆಯ ಮೇಲೆ ಒಂದು ಬದಲಾವಣೆ ಆಗುತ್ತದೆ, ಗಮನಿಸಿ. ಸಾಮಾನ್ಯವಾಗಿ ಪಿಯಾನೊದ ಮುಚ್ಚಳ ತೆಗೆದು ಪಕ್ಕಕ್ಕಿಡುತ್ತಾರೆ. ಪಿಯಾನೊವನ್ನು ತಿರುಗಿಸಿ ವಾದ್ಯದವರ ನಡುವೆ ತೂರಿಸುತ್ತಾರೆ. ನುಡಿಸುವವರ ಬೆನ್ನು ನಮ್ಮ ಕಡೆಗೆ, ಮುಖ ತಂಡದ ಕಡೆಗೆ.

ಯಾಕೆ ಅಂದರೆ, ಮಾಮೂಲಿ ಕಛೇರಿಯಲ್ಲಿ ಆ ಮುಚ್ಚಳ ಸಭೆಯ ಕಡೆಗೆ ತೆರೆದಿರುತ್ತದೆ. ಪಿಯಾನೊದ ನಾದವೆಲ್ಲ ಅದಕ್ಕೆ ಬಡಿದು ನಮ್ಮತ್ತ ಬರುತ್ತದೆ. ಹಿಂದೆ ಕೂತ ವಾದ್ಯದವರಿಗೆ ಸಿಗುವುದು ಉಳಿದ ಚೂರುಪಾರು. ತಾವೇ ಜೋರಾಗಿ ನುಡಿಸುತ್ತಿರುವಾಗ ಪಿಯಾನೊ ಕೇಳಿಸುವುದೇ ಕಷ್ಟ. ಶಬ್ದಕ್ಕೆ ದೂರವೂ ಲೆಕ್ಕಕ್ಕೆ ಬರುತ್ತದೆ. 12 ಮೀಟರ್ ಹಿಂದೆ ಕೂತು ಟಿಂಪನಿ (ದೊಡ್ಡ ನಗಾರಿ) ಬಾರಿಸುವವರಿಗೆ ಅದು ತಲುಪಲು ಸುಮಾರು 35 ಮಿಲಿಸೆಕೆಂಡ್ ಬೇಕು. ಕೇಳಿಸಿಕೊಂಡು ಹೊಡೆಯುತ್ತೇನೆ ಅಂತ ಕಾದರೆ ಅವರು ತಡವಾದರು ಅಂತಲೇ ಅರ್ಥ. ನೀವು ನೋಡಿದ ಕಛೇರಿ ಕೋವಿಡ್ ಕಾಲದ್ದು ಬೇರೆ. ತಂಡ ಚಿಕ್ಕದು, ಆದರೆ ಒಬ್ಬರಿಂದ ಒಬ್ಬರಿಗೆ ಅಂತರ ಜಾಸ್ತಿ. ಪಕ್ಕದವರ ಉಸಿರು ಕೇಳಿ ನುಡಿಸುವವರಿಗೆ ಇದು ಸಣ್ಣ ತೊಂದರೆಯಲ್ಲ. ಅಂಥ ಕಡೆ ಎಲ್ಲರಿಗೂ ಒಂದೇ ಕ್ಷಣಕ್ಕೆ ಕಾಣುವ ಒಂದು ಜೊತೆ ಕೈ ಬೇಕಾಗುತ್ತದೆ.

ತಲೆಯೆತ್ತಿ ನೋಡಲಿಲ್ಲ ಅಂದಿರಿ. ನೋಡಬೇಕಿಲ್ಲ. ಸ್ವರ ಬರೆದ ಹಾಳೆಯ ಅಂಚಿನಾಚೆ, ಕಣ್ಣಿನ ಮೂಲೆಯಲ್ಲಿ ಆ ಕೈ ಇದ್ದೇ ಇರುತ್ತದೆ. ಸ್ಟ್ಯಾಂಡುಗಳನ್ನು ಹಾಗೆ ಕಾಣುವಂತೆಯೇ ಇಟ್ಟುಕೊಳ್ಳುತ್ತಾರೆ. ನೇರವಾಗಿ ತಲೆಯೆತ್ತುವುದು ಹೊಸದೇನೋ ಶುರುವಾಗುವಾಗ ಅಥವಾ ಲಯ ಬದಲಾಗುವಾಗ ಮಾತ್ರ.

ಅಂಥ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಕನ್ಸರ್ಟೊದ ಮೊದಲ ಭಾಗ ಮುಗಿಯುವ ಮುಂಚೆ ಆರ್ಕೆಸ್ಟ್ರಾ ಪೂರ್ತಿ ನಿಲ್ಲುತ್ತದೆ. ಪಿಯಾನಿಸ್ಟ್ ಒಬ್ಬರೇ ನುಡಿಸುವ ಕೆಡೆನ್ಜಾ ಅದು. ಆಗ ಕಂಡಕ್ಟರ್ ಕೈ ಕೆಳಗೆ. ಲೆಕ್ಕ ಹಾಕಲು ತಾಳವಿಲ್ಲ. ಪಿಯಾನಿಸ್ಟ್ ಇಷ್ಟ ಬಂದ ಕಡೆ ನಿಲ್ಲಬಹುದು, ಇಷ್ಟ ಬಂದ ಕಡೆ ಓಡಬಹುದು. ಕೊನೆಗೆ ಸಾಮಾನ್ಯವಾಗಿ ಎರಡು ಪಕ್ಕಪಕ್ಕದ ಸ್ವರಗಳು ನಡುಗತೊಡಗುತ್ತವೆ. ಟ್ರಿಲ್ ಅನ್ನುತ್ತಾರೆ. 'ನಾನು ಬರುತ್ತಿದ್ದೇನೆ' ಅನ್ನುವ ಸೂಚನೆ ಅದು. ಕಂಡಕ್ಟರ್ ಕೈ ಎತ್ತುತ್ತಾರೆ, ಪಿಟೀಲಿನ ಬಿಲ್ಲುಗಳೂ ತಂತಿಯ ಮೇಲಕ್ಕೆ ಬರುತ್ತವೆ. ಆ ಟ್ರಿಲ್ ಎಷ್ಟು ಹೊತ್ತು ನಡೆಯುತ್ತದೆ? ತಾಲೀಮಿನಲ್ಲಿ ಇದ್ದಷ್ಟೇ ಇರಬೇಕಂತಿಲ್ಲ. ಕಂಡಕ್ಟರ್ ಈಗ ಪಿಯಾನಿಸ್ಟ್‌ರ ಭುಜ ನೋಡುತ್ತಿರುತ್ತಾರೆ. ಕೊನೆಯ ಸ್ವರಕ್ಕೆ ಮುಂಚೆ ಭುಜ ಒಂದಿಷ್ಟು ಏಳುತ್ತದೆ, ಉಸಿರು ಒಳಗೆ ಹೋಗುತ್ತದೆ. ಕೈ ಇಳಿಯಬೇಕಾದದ್ದು ಆಗಲೇ. ಪಿಯಾನೊದೊಳಗಿನ ಸುತ್ತಿಗೆ ತಂತಿಗೆ ಬಿದ್ದ ಕೂಡಲೇ ನಾದ ಪೂರ್ತಿ ಹೊರಬಿದ್ದಿರುತ್ತದೆ. ಪಿಟೀಲಿನ ನಾದ ಬಿಲ್ಲು ಎಳೆದ ಮೇಲೆ ಅರಳಲು ಚೂರು ಹೊತ್ತು ತಗೊಳ್ಳುತ್ತದೆ. ಎರಡೂ ಒಟ್ಟಿಗೆ ಬರಬೇಕಾದರೆ ಕಂಡಕ್ಟರ್ ಇನ್ನೂ ಆಗದಿರುವುದಕ್ಕೆ ಕೈ ಬೀಸಬೇಕು. ಸರಿಹೋದರೆ ನಮಗೆ ಕಾಣುವುದು ಏನೂ ಇಲ್ಲ. ತಪ್ಪಿದರೆ ಮಾತ್ರ ಇಡೀ ಸಭೆಗೆ ಗೊತ್ತಾಗುತ್ತದೆ.

ಆರ್ಗೆರಿಚ್ ಅಂಥವರ ಜೊತೆಗಂತೂ ಈ ಕೆಲಸ ಜೋರು. ಒಂದೇ ಸಾಲನ್ನು ಎರಡು ಸಲ ಒಂದೇ ಥರ ನುಡಿಸುವ ಜಾಯಮಾನ ಅವರದಲ್ಲ. ಮುಂದೆ ನಡೆದು ದಾರಿ ತೋರಿಸುವ ಕಂಡಕ್ಟರ್ ಅವರಿಗೆ ಒಗ್ಗುವುದಿಲ್ಲ, ಹಿಂದೆ ಬಿದ್ದು ಓಡುವವರೂ ಒಗ್ಗುವುದಿಲ್ಲ. ಬ್ಲೂಮ್‌ಸ್ಟೆಟ್ ಅವರ ಕೈ ಅಷ್ಟು ಕಡಿಮೆ ಆಡಿದ್ದನ್ನು ನೀವು ಆಲಸ್ಯ ಅಂತ ಓದಿಕೊಂಡಿರಿ. ನನಗೆ ಅದೇ ಪಾಂಡಿತ್ಯವಾಗಿ ಕಂಡಿತು. ಎರಡನೇ ಭಾಗ ಮತ್ತೆ ಹಾಕಿ ನೋಡಿ. ಅಲ್ಲಿ ಬೀಥೋವನ್ ಟ್ರಂಪೆಟ್, ಟಿಂಪನಿ ಎಲ್ಲವನ್ನೂ ಸುಮ್ಮನಿರಿಸಿದ್ದಾನೆ. ಕ್ಲಾರಿನೆಟ್ಟೂ ಪಿಯಾನೊನೂ ಮಾತಾಡಿಕೊಳ್ಳುತ್ತವೆ. ಇಬ್ಬರು ಮಾತಾಡುವಾಗ ಮೂರನೆಯವರು ನಡುವೆ ಕೈ ಬೀಸುತ್ತಾ ನಿಂತರೆ ಹೇಗಿರುತ್ತದೆ? ಚಿಕ್ಕ ವಯಸ್ಸಿನ ಕಂಡಕ್ಟರ್‌ಗಳು ಬಹಳ ಸಲ ಇಲ್ಲೇ ಎಡವುತ್ತಾರೆ. ಕೈ ಸುಮ್ಮನಿಡಲು ಅವರಿಗೆ ಧೈರ್ಯ ಸಾಲುವುದಿಲ್ಲ.

ಇನ್ನು ಯಜಮಾನಿಕೆ. 1962ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಈ ಪ್ರಶ್ನೆ ಸಭೆಯೆದುರಿಗೇ ಬಂತು. ಪಿಯಾನಿಸ್ಟ್ ಗ್ಲೆನ್ ಗೌಲ್ಡ್ ಬ್ರಾಮ್ಸ್‌ನ ಮೊದಲನೇ ಕನ್ಸರ್ಟೊವನ್ನು ಯಾರೂ ಕೇಳದಷ್ಟು ನಿಧಾನವಾಗಿ ನುಡಿಸುತ್ತೇನೆಂದು ಹಟ ಹಿಡಿದಿದ್ದರು. ಕಂಡಕ್ಟರ್ ಲೆನರ್ಡ್ ಬರ್ನ್‌ಸ್ಟೈನ್ ಕಛೇರಿಗೆ ಮುಂಚೆ ಸಭೆಯ ಕಡೆ ತಿರುಗಿ, ಇದು ನನಗೆ ಒಪ್ಪಿಗೆಯಿಲ್ಲ, ಆದರೂ ಇವರ ಯೋಚನೆ ಕೇಳಬೇಕಾದ್ದು ಅಂತ ನಡೆಸುತ್ತಿದ್ದೇನೆ ಎಂದರು. ಕನ್ಸರ್ಟೊದಲ್ಲಿ ಯಜಮಾನರು ಯಾರು ಅಂತಲೂ ಅವರೇ ಕೇಳಿದರು. ಹಾಗೆ ಹೇಳಿದ್ದು ಸರಿಯೇ ಅಂತ ಇವತ್ತಿಗೂ ಜನ ಕಚ್ಚಾಡುತ್ತಾರೆ. ಹೇಳಬಾರದಿತ್ತು ಅಂತ ನನಗನ್ನಿಸುತ್ತದೆ. ಒಪ್ಪಿ ವೇದಿಕೆ ಹತ್ತಿದ ಮೇಲೆ ಇಬ್ಬರದೂ ಒಂದೇ ಮಾತಾಗಿರಬೇಕು. ಆದರೆ ನುಡಿಸುವಾಗ ಬರ್ನ್‌ಸ್ಟೈನ್ ಗೌಲ್ಡ್‌ರ ಜೊತೆ ಕೊನೆಯವರೆಗೂ ಹೆಜ್ಜೆ ಹಾಕಿದರು, ರೆಕಾರ್ಡಿಂಗ್ ಇದೆ.

1928ರ ಜನವರಿಯಲ್ಲಿ ಅದೇ ಹಾಲ್‌ನಲ್ಲಿ ಇದಕ್ಕೆ ಉಲ್ಟಾ ಆಯಿತು. 24 ವರ್ಷದ ಪಿಯಾನಿಸ್ಟ್ ಹೊರೊವಿಟ್ಸ್‌ಗೆ ಅಮೆರಿಕದಲ್ಲಿ ಮೊದಲ ಕಛೇರಿ. ಕಂಡಕ್ಟರ್ ಥಾಮಸ್ ಬೀಚಮ್‌ಗೂ ಅಲ್ಲಿ ಅದೇ ಮೊದಲು. ಚೈಕೋವ್‌ಸ್ಕಿ ಕನ್ಸರ್ಟೊ. ಬೀಚಮ್ ನಿಧಾನ, ಹೊರೊವಿಟ್ಸ್‌ಗೆ ತಾಳ್ಮೆ ಕೆಟ್ಟಿತು. ಕೊನೆಯ ಭಾಗದಲ್ಲಿ ಆರ್ಕೆಸ್ಟ್ರಾವನ್ನು ಬಿಟ್ಟು ಓಡಿದರು. ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು, ಹೊರೊವಿಟ್ಸ್ ಒಂದೇ ರಾತ್ರಿಯಲ್ಲಿ ಹೆಸರು ಮಾಡಿದರು. ನಿಮ್ಮ ವಾದಕ್ಕೆ ಇದು ಒಳ್ಳೆಯ ಸಾಕ್ಷಿ, ನಾನೇ ಒದಗಿಸಿಕೊಡುತ್ತಿದ್ದೇನೆ ನೋಡಿ!

ನನ್ನ ವಾದಕ್ಕೆ ಸಾಕ್ಷಿ ಆಮ್‌ಸ್ಟರ್‌ಡ್ಯಾಮ್‌ನದು. ಮಾರಿಯಾ ಜುವಾವ್ ಪಿರೆಸ್ ಪಿಯಾನೊ ಮುಂದೆ ಕೂತಿದ್ದಾರೆ. ಕಂಡಕ್ಟರ್ ರಿಕಾರ್ಡೊ ಶಾಯಿ ಕೈ ಎತ್ತುತ್ತಾರೆ. ಆರ್ಕೆಸ್ಟ್ರಾ ಶುರುವಾದ ಮೇಲೆ ಪಿರೆಸ್‌ಗೆ ಗೊತ್ತಾಗುತ್ತದೆ: ತಾವು ತಯಾರಾಗಿ ಬಂದ ಮೊಟ್ಜಾರ್ಟ್ ಕನ್ಸರ್ಟೊ ಇದಲ್ಲ! ಪುಣ್ಯಕ್ಕೆ ಅದರಲ್ಲಿ ಪಿಯಾನೊ ಬರುವ ಮುಂಚೆ ಆರ್ಕೆಸ್ಟ್ರಾದ ಉದ್ದನೆಯ ಪೀಠಿಕೆ ಇದೆ. ಶಾಯಿ ಕೈ ನಿಲ್ಲಿಸುವುದಿಲ್ಲ. ಒಂದು ಕಡೆ ತಂಡವನ್ನು ನಡೆಸುತ್ತಾ, ಇನ್ನೊಂದು ಕಡೆ ನಗುತ್ತಾ 'ನಿನಗೆ ಇದು ಬರುತ್ತೆ, ಮಾಡ್ತೀಯ' ಅನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಪಿರೆಸ್ ಮುಖ ಬಿಳಿಚಿಕೊಂಡಿರುತ್ತದೆ. ಅವರ ಸರದಿ ಬರುತ್ತದೆ. ನೆನಪಿನಿಂದಲೇ ನುಡಿಸುತ್ತಾರೆ. ಆ ವಿಡಿಯೊ ನೋಡುವಾಗ ಎಲ್ಲರೂ ಪಿರೆಸ್‌ರನ್ನೇ ನೋಡುತ್ತಾರೆ. ನೀವು ಒಂದು ಸಲ ಶಾಯಿಯನ್ನು ನೋಡಿ, ಆಮೇಲೆ ಮತ್ತೆ ಜಗಳಕ್ಕೆ ಬನ್ನಿ.

ಕೊನೆಗೆ, ಎಲ್ಲಿ ಕೂರಬೇಕು. ಬೆರಳು ನೋಡಬೇಕಿದ್ದರೆ ಎಡಗಡೆ ಟಿಕೆಟ್ ತಗೊಳ್ಳಿ. ಅಲ್ಲಿಗೆ ಪಿಯಾನೊದ ಕೀಲಿಮಣೆ ಕಾಣುತ್ತದೆ. ನಾದವೇ ಮುಖ್ಯ ಅನ್ನುವವರು ನಡುವೆ ಅಥವಾ ಬಲಕ್ಕೆ ಸರಿಯುತ್ತಾರೆ, ಮುಚ್ಚಳ ಅತ್ತ ತೆರೆದಿರುವುದರಿಂದ. ಕಂಡಕ್ಟರ್ ಮುಖ ಕಾಣಬೇಕು ಅನ್ನಿಸಿದರೆ ವೇದಿಕೆಯ ಹಿಂದಿನ ಸೀಟು ಬೇಕು. 1963ರಲ್ಲಿ ತೆರೆದ ಬರ್ಲಿನ್ ಫಿಲ್ಹಾರ್ಮೊನಿಯಲ್ಲಿ ಸಭೆ ಸುತ್ತಲೂ ಕೂರುವುದರಿಂದ ಅದು ಸುಲಭ. ಅಲ್ಲಿ ಕೂತರೆ ಪಿಯಾನೊ ಕಡಿಮೆ ಕೇಳಿಸುತ್ತದೆ, ಟಿಂಪನಿ ಕಿವಿಗೆ ಬಡಿಯುತ್ತದೆ. ಕನ್ಸರ್ಟೊಗೆ ನಾನಾದರೆ ಅಲ್ಲಿ ಕೂರುವುದಿಲ್ಲ. ಪಿಯಾನೊ ಇಲ್ಲದ ಸಿಂಫನಿ ಇದ್ದ ದಿನ ಖಂಡಿತ ಕೂರುತ್ತೇನೆ.

– ಸಂಪಾದಕ