ರೀಡರ್ ಮಾತಾಡಲಿಲ್ಲ ಅಂತ ಕಂಪ್ಯೂಟರ್ ಬದಲಾಯಿಸಬೇಡಿ

ಪ್ರಶ್ನೆ: ನನ್ನದು 1995ರ ಷೆವರ್ಲೆ ಪಿಕಪ್ ಟ್ರಕ್, ಪೆಟ್ರೋಲ್ ಎಂಜಿನ್. ಗಾಡಿ ಓಡುತ್ತದೆ, ಆದರೆ ಚೆಕ್ ಎಂಜಿನ್ ದೀಪ ಆರುವುದೇ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆ. ಗೆಳೆಯನ ಬ್ಲೂಟೂತ್ ಕೋಡ್ ರೀಡರ್ (ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಸಂಖ್ಯೆ ಓದುವ ಉಪಕರಣ) ಹಾಕಿದರೆ ಅದರ ದೀಪ ಹತ್ತುತ್ತದೆ, ಫೋನಿನಲ್ಲಿ ಮಾತ್ರ ಏನೂ ಬರುವುದಿಲ್ಲ. ಗಾಡಿಯ ಕಂಪ್ಯೂಟರೇ ಹೋಗಿದೆ ಎನ್ನುತ್ತಾರೆ ಮೆಕ್ಯಾನಿಕ್. ಬೇರೆ ಯಾವ ರೀಡರ್ ಕೊಳ್ಳಲಿ?

ಉತ್ತರ: ಮೊದಲು ಒಂದು ಮಾತು. ಕಂಪ್ಯೂಟರ್ ಬಿಚ್ಚಲು ಬಿಡಬೇಡಿ. ನಿಮ್ಮ ಎಂಜಿನ್ನಿನಲ್ಲಿ ಯಾವಾಗ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಹೇಳುವುದು ಅದೇ ಕಂಪ್ಯೂಟರ್. ಗಾಡಿ ಓಡುತ್ತಿದೆ ಅಂದರೆ ಅದಕ್ಕೆ ಜೀವ ಇದೆ, ಅಲ್ವಾ?

ನಿಮ್ಮನ್ನು ದಾರಿ ತಪ್ಪಿಸಿದ್ದು ಆ ಸಾಕೆಟ್. ಅಮೆರಿಕದಲ್ಲಿ ಕಾರು ಮತ್ತು ಹಗುರ ಟ್ರಕ್ಕುಗಳಿಗೆ ಒಬಿಡಿ-2 (ಗಾಡಿಯ ಕಂಪ್ಯೂಟರ್ ತನ್ನ ದೋಷ ಹೇಳಲು ಎಲ್ಲ ಕಂಪನಿಗೂ ಒಂದೇ ಆದ ಪದ್ಧತಿ) ಕಡ್ಡಾಯವಾದದ್ದು 1996ರ ಮಾಡೆಲ್‌ನಿಂದ. ಅದಕ್ಕೂ ಮೊದಲು ಒಂದೊಂದು ಕಂಪನಿಯದೂ ಒಂದೊಂದು ಭಾಷೆ. ಆದರೆ 1994, 1995ರ ಕೆಲವು ಜಿಎಂ (ಷೆವರ್ಲೆ ಮಾಡುವ ಜನರಲ್ ಮೋಟರ್ಸ್) ಗಾಡಿಗಳಿಗೆ 16 ಪಿನ್ನಿನ ಸಾಕೆಟ್ ಮೊದಲೇ ಬಂತು, ಒಳಗಿನ ಭಾಷೆ ಮಾತ್ರ ಹಳೆಯ ಒಬಿಡಿ-1 ಆಗಿಯೇ ಉಳಿಯಿತು. ನಿಮ್ಮದೂ ಅದೇ ಕಾಲದ್ದು. ರೀಡರಿನ ದೀಪ ಹತ್ತಿದ್ದಕ್ಕೂ ಅರ್ಥವಿಲ್ಲ. 16ನೇ ಪಿನ್ ಬ್ಯಾಟರಿಯದು, 4ನೆಯದು ಅರ್ಥ್. ಅವೆರಡು ಸಿಕ್ಕರೆ ದೀಪ ಹತ್ತುತ್ತದೆ, ಅಷ್ಟೇ. ಮಾತುಕತೆ ಬೇರೆ ಪಿನ್ನುಗಳಲ್ಲಿ ನಡೆಯಬೇಕು.

ಖಚಿತ ಮಾಡಿಕೊಳ್ಳಲು ಬಾನೆಟ್ ಎತ್ತಿ, ಹೊಗೆ ನಿಯಂತ್ರಣದ ಬಗ್ಗೆ ಬರೆದಿರುವ ಸ್ಟಿಕ್ಕರ್ ಹುಡುಕಿ. ಒಬಿಡಿ-2 ಗಾಡಿಯಾಗಿದ್ದರೆ ಹಾಗಂತ ಅದರಲ್ಲೇ ಅಚ್ಚಾಗಿರುತ್ತದೆ. ನಾನು ಹಳೆಯ ಟ್ರಕ್ ಮುಟ್ಟುವಾಗ ಸಾಕೆಟ್ಟಿಗಿಂತ ಮೊದಲು ನೋಡುವುದು ಈ ಸ್ಟಿಕ್ಕರನ್ನೇ.

ಇನ್ನು ರೀಡರ್ ವಿಷಯ. ದುಬಾರಿಯದು ಕೊಂಡರೆ ಓದುತ್ತದೆ ಅಂತೇನಿಲ್ಲ. ಒಬಿಡಿ-2 ಮಾತ್ರ ಗೊತ್ತಿರುವ ಸ್ಕ್ಯಾನರ್ ಎಷ್ಟೇ ದೊಡ್ಡದಿರಲಿ, ನಿಮ್ಮ ಗಾಡಿಯ ಮುಂದೆ ಮೂಕ. 'ಜಿಎಂ ಒಬಿಡಿ-1' ಅಂತ ಸ್ಪಷ್ಟವಾಗಿ ಬರೆದಿರಬೇಕು, ಅದರ ಪಟ್ಟಿಯಲ್ಲಿ ನಿಮ್ಮ ವರ್ಷ ಮತ್ತು ಎಂಜಿನ್ ಇರಬೇಕು. ಸ್ನ್ಯಾಪ್-ಆನ್ ಎಂಟಿ2500 ಥರದ ಹಳೆಯ ಸ್ಕ್ಯಾನರುಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ನನಗೆ ಇವತ್ತಿಗೂ ಅವುಗಳ ಮೇಲೆ ಪ್ರೀತಿ. ಆದರೆ ಕೊಳ್ಳುವ ಮುಂಚೆ ನಿಮ್ಮ ವರ್ಷದ ಕಾರ್ಟ್ರಿಜ್ (ಸ್ಕ್ಯಾನರಿಗೆ ಸಿಕ್ಕಿಸುವ, ಪ್ರೋಗ್ರಾಂ ಇರುವ ತುಂಡು) ಮತ್ತು ಸರಿಯಾದ ಕೇಬಲ್ ಜೊತೆಗಿದೆಯಾ ನೋಡಿ. ಅವಿಲ್ಲದಿದ್ದರೆ ಸುಮ್ನೆ ಮೂಲೆ ಸೇರುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ: ಲೈವ್ ಡೇಟಾ, ಅಂದರೆ ಸೆನ್ಸರುಗಳು ಆ ಕ್ಷಣ ಹೇಳುತ್ತಿರುವ ಅಳತೆ, ತೋರಿಸದ ರೀಡರ್ ಬೇಡ. ಕೋಡ್ ಅಂದರೆ ದೂರು, ತೀರ್ಪಲ್ಲ. ನಿಮ್ಮ ಗಾಡಿ 44 ಎಂಬ ಕೋಡ್ ಕೊಟ್ಟಿತು ಅಂದುಕೊಳ್ಳಿ. ಎಕ್ಸಾಸ್ಟ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ ಕಾಣುತ್ತಿದೆ ಎಂದು ಅರ್ಥ. ಜನ ಕೂಡಲೇ ಸೆನ್ಸರ್ ಬದಲಾಯಿಸುತ್ತಾರೆ. ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು, ಪೆಟ್ರೋಲ್ ಪ್ರೆಶರ್ ಇಳಿದಿರಬಹುದು, ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಸೋರಿ ಹೊರಗಿನ ಗಾಳಿ ಒಳಗೆ ಬರುತ್ತಿರಬಹುದು. ಸೆನ್ಸರ್ ಪಾಪ, ಕಂಡದ್ದನ್ನು ಹೇಳುತ್ತಿದೆ.

ಲೈವ್ ಡೇಟಾ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ, ಎಂಜಿನ್ ಬೇಡ. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ತಾಪಮಾನ ಹೊರಗಿನ ಗಾಳಿಯ ತಾಪಮಾನಕ್ಕೆ ಹೆಚ್ಚುಕಡಿಮೆ ಸಮ ಇರಬೇಕು. ತಣ್ಣಗಿರುವ ಎಂಜಿನ್ 70 ಡಿಗ್ರಿ ಸೆಲ್ಸಿಯಸ್ ಅಂತ ತೋರಿಸಿದರೆ ಆ ಸೆನ್ಸರ್ ಅಥವಾ ಅದರ ವೈರು ಸುಳ್ಳು ಹೇಳುತ್ತಿದೆ. ಬರೀ ಕೋಡ್ ಓದುವ ಡಬ್ಬಿಯಲ್ಲಿ ಇದು ಕಾಣುವುದಿಲ್ಲ.

ಕೋಡ್ ಸಿಕ್ಕ ಮೇಲೆ ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಅಳಿಸಿ.

ಪ್ರಶ್ನೆ: ನಮ್ಮದು 24 ವೋಲ್ಟಿನ ಹಳೆಯ ಹೆವಿ ಡೀಸೆಲ್ ಟ್ರಕ್. ಕಾರಿನ ಕೋಡ್ ರೀಡರನ್ನೇ ಅಡಾಪ್ಟರ್ ಹಾಕಿ ಬಳಸಬಹುದೇ?

ಉತ್ತರ: ಬೇಡ. ಕಾರಿನ ರೀಡರ್ ಸಾಮಾನ್ಯವಾಗಿ 12 ವೋಲ್ಟಿಗೆ ಮಾಡಿದ್ದು. 24 ವೋಲ್ಟಿನ ಗಾಡಿಯಲ್ಲಿ ಚಾರ್ಜ್ ಆಗುವಾಗ ಸುಮಾರು 28 ವೋಲ್ಟ್ ಬರುತ್ತದೆ, ರೀಡರ್ ಸುಟ್ಟುಹೋಗಬಹುದು. ಅಡಾಪ್ಟರ್ ಪಿನ್ನುಗಳನ್ನು ಜೋಡಿಸುತ್ತದೆಯೇ ಹೊರತು ಭಾಷೆಯನ್ನು ಬದಲಾಯಿಸುವುದಿಲ್ಲ. ಹೆವಿ ಟ್ರಕ್ಕಿನಲ್ಲಿ 6 ಪಿನ್ನಿನ ದುಂಡು ಸಾಕೆಟ್ ಇದ್ದರೆ ಭಾಷೆ ಸಾಮಾನ್ಯವಾಗಿ ಜೆ1708, 9 ಪಿನ್ನಿನದಾದರೆ ಜೆ1939. ಈ ಎರಡನ್ನೂ ಓದುವ, 24 ವೋಲ್ಟ್ ತಡೆಯುತ್ತದೆ ಅಂತ ಬರೆದಿರುವ ರೀಡರ್ ಹುಡುಕಿ. ಎಂಜಿನ್ನಿಗೆ ಡೀಸೆಲ್ ಕೊಡುವ ಪಂಪಿನ ಮೇಲೂ ಕಣ್ಣು ಹಾಯಿಸಿ. ಎಲೆಕ್ಟ್ರಾನಿಕ್ಸ್ ಇಲ್ಲದ ಪೂರ್ತಿ ಮೆಕ್ಯಾನಿಕಲ್ ಪಂಪ್ ಇದ್ದರೆ ಎಂಜಿನ್ನಿನಿಂದ ಓದಲು ಕೋಡೇ ಇರುವುದಿಲ್ಲ. ಆ ದುಡ್ಡಲ್ಲಿ ಒಳ್ಳೆಯ ಪ್ರೆಶರ್ ಗೇಜ್ ಮತ್ತು ಮಲ್ಟಿಮೀಟರ್ ತೆಗೆದುಕೊಳ್ಳಿ.