ಹಾಲ್‌ನಲ್ಲಿ ಮಲಗುವ ಗಂಡ

(ಊರು, ಕೆಲಸ, ಗುರುತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳೋಕೆ ಮೊದಲು ಬಂದಿದ್ದು ಹೆಂಡತಿ. ಕೂತ ತಕ್ಷಣ, "ಮೇಡಂ, ಇವ್ರಿಗೆ ಬೇರೆ ಯಾರೋ ಇದ್ದಾರೆ" ಅಂದರು. ಯಾಕೆ ಹಾಗನ್ಸುತ್ತೆ ಅಂದರೆ, ಗಂಡ ಆರು ತಿಂಗಳಿಂದ ಹಾಲ್‌ನಲ್ಲಿ ದಿವಾನದ ಮೇಲೆ ಮಲಗುತ್ತಾರೆ, ಬಾತ್‌ರೂಮಿಗೆ ಹೋದರೆ ಹೊರಗೆ ಬರೋದೇ ಇಲ್ಲ, ಮುಟ್ಟಿದರೆ ಸುಸ್ತು ಅಂತ ಗೋಡೆ ಕಡೆ ತಿರುಗುತ್ತಾರೆ. ಗಂಡನಿಗೆ ಸೋರಿಯಾಸಿಸ್, ಅಂದರೆ ಮೈಮೇಲೆ ಕಲೆ ಎದ್ದು ಬಿಳಿ ಹೊಟ್ಟು ಉದುರುವ ಚರ್ಮದ ಕಾಯಿಲೆ, ಇರೋದು ಆಕೆಗೆ ಗೊತ್ತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆದೇ ಇರಲಿಲ್ಲ.

ಗಂಡನನ್ನು ಬೇರೆಯಾಗಿ ಕರೆಸಿದೆ. ಬೇಸಿಗೆಯಲ್ಲೂ ತುಂಬುತೋಳಿನ ಬಿಳಿ ಶರ್ಟು. ಕಪ್ಪು ಹಾಕಿದರೆ ಹೊಟ್ಟು ಉದುರಿದ್ದು ಕಾಣುತ್ತಲ್ಲ. ಆಫೀಸಿನ ಟೆನ್ಷನ್ ಬಗ್ಗೆ ಸಾಕಷ್ಟು ಮಾತಾಡಿದ ಮೇಲೆ ವಿಷಯ ಹೊರಗೆ ಬಂತು. ಹೆಂಡತಿ ಹೊಸ ನೇರಳೆ ಬೆಡ್‌ಶೀಟ್ ಹಾಸಿದ್ದರು. ಬೆಳಿಗ್ಗೆ ನೋಡಿದರೆ ತಾನು ಮಲಗಿದ ಜಾಗದ ತುಂಬ ಬಿಳಿ ಹೊಟ್ಟು, ನಡುವೆ ಎರಡು ರಕ್ತದ ಚುಕ್ಕೆ. ಆಕೆ ಏಳುವ ಮುಂಚೆ ಅಂಗೈಯಲ್ಲೇ ಗುಡಿಸಿ ಕಿಟಕಿಯಾಚೆ ಹಾಕಿದರಂತೆ. ಆವತ್ತಿನಿಂದ ಹಾಲ್. ಅಷ್ಟು ಹೊತ್ತಿಗೆ ತೊಡೆಸಂದಿಗೂ ಗುಪ್ತಾಂಗಕ್ಕೂ ಬಂದಿತ್ತು. ಡಾಕ್ಟರಿಗೆ ಹೇಳಿದ್ರಾ ಅಂದರೆ, "ಹೆಂಗೆ ಹೇಳೋದು ಮೇಡಂ, ಅವರೂ ಕೇಳಲಿಲ್ಲ." ಹುಳುಕಡ್ಡಿ ಇರಬೇಕು ಅಂತ ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ಹಚ್ಚುತ್ತಿದ್ದರು. ಅಂಥ ಎಷ್ಟೋ ಟ್ಯೂಬುಗಳಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಆ ಜಾಗದ ಚರ್ಮ ಮೊದಲೇ ತೆಳು, ಈಗ ಉರಿ ಬೇರೆ.

ಕಲೆಗಿಂತ ಜಾಸ್ತಿ ಹಾಳು ಮಾಡಿದ್ದು ಈ ಮುಚ್ಚಿಡುವ ಕೆಲಸ. ಅವಳಿಗೆ ಅಸಹ್ಯ ಆಗುತ್ತೆ ಅಂತ ಆತ ದೂರ ಸರಿದರು, ನನ್ನಲ್ಲೇ ಏನೋ ಕಮ್ಮಿ ಅಂತ ಆಕೆ ಕೊರಗಿದರು.

ಆಮೇಲೆ ಇಬ್ಬರನ್ನೂ ಕೂರಿಸಿಕೊಂಡೆ. ಇದು ಅಂಟುರೋಗ ಅಲ್ಲ, ತಬ್ಬಿಕೊಂಡರೂ ಕೂಡಿದರೂ ಹರಡಲ್ಲ. ಮೈಯ ರಕ್ಷಣಾ ವ್ಯವಸ್ಥೆ ಎಡವಟ್ಟಾಗಿ, ತಿಂಗಳಲ್ಲಿ ಆಗಬೇಕಾದ ಹೊಸ ಚರ್ಮ ಕೆಲವೇ ದಿನಕ್ಕೆ ಆಗಿ ಗುಡ್ಡೆ ಬೀಳುತ್ತದೆ, ಅದೇ ಹೊಟ್ಟು. ಮಕ್ಕಳಿಗೆ ಬರುತ್ತಾ ಅಂತ ಆಕೆ ಕೇಳಿದರು. ಸಾಧ್ಯತೆ ಸ್ವಲ್ಪ ಜಾಸ್ತಿ, ಬಂದೇ ಬರುತ್ತೆ ಅಂತೇನಿಲ್ಲ. ಅತ್ತೆ ನಾಗದೋಷ ಅಂತಿದ್ದಾರಂತೆ. ಕುಕ್ಕೆಗೆ ಹೋಗಿ ಬನ್ನಿ, ನಾನ್ಯಾಕೆ ಬೇಡ ಅನ್ನಲಿ, ಔಷಧಿ ಬಿಡದಿದ್ದರಾಯ್ತು.

ಚರ್ಮದ ಡಾಕ್ಟರುಗಳು ಬಳಸುವ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಮಾಡಿದ್ದು. ಒಂಬತ್ತನೇ ಪ್ರಶ್ನೆಯೇ ಲೈಂಗಿಕ ತೊಂದರೆ ಬಗ್ಗೆ. ಆದರೆ ಗಿಜಿಗುಡುವ ಓಪಿಡಿಯಲ್ಲಿ ಕೇಳೋಕೆ ಯಾರಿಗೆ ಪುರುಸೊತ್ತು? ಅವರು ಕೇಳದಿದ್ದರೂ ನೀವೇ ಡಾಕ್ಟರಿಗೆ ಹೇಳಿ, ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ ಅಂದೆ.

ಹಾಸಿಗೆ ವಿಷಯಕ್ಕೆ ಬಂದರೆ, ಚರ್ಮ ಬಿರುಕು ಬಿಟ್ಟ ದಿನ ಸಂಭೋಗ ಬೇಡ, ತಿಕ್ಕಾಟಕ್ಕೆ ಹೆಚ್ಚಾಗುತ್ತೆ. ಉಳಿದ ದಿನ ನೀರಿನಂಶದ ಲೂಬ್ರಿಕೆಂಟ್ ಜೆಲ್ ಬಳಸಿ, ಆಮೇಲೆ ಮೆಲ್ಲಗೆ ತೊಳೆದು ಮುಲಾಮು ಹಚ್ಚಿ. ಕಾಂಡೋಮ್ ಬಳಸೋರು ವ್ಯಾಸಲೀನಿನಂಥ ಜಿಡ್ಡು ಹಚ್ಚಬೇಡಿ, ರಬ್ಬರ್ ಹರಿದುಹೋಗುತ್ತೆ. ಇದೆಲ್ಲ ಆಮೇಲಿನ ಮಾತು. ಮೊದಲ ಎರಡು ವಾರ ಸುಮ್ನೆ ಒಂದೇ ಹಾಸಿಗೆ, ಬೆನ್ನಿಗೆ ಮಾಯಿಶ್ಚರೈಸರ್ ಆಕೆಯೇ ಹಚ್ಚಲಿ ಅಂದೆ. ಆತ ತಕ್ಷಣ ಬೇಡ ಅಂದರು. ಆಕೆಗೆ ಸಿಟ್ಟು ಬಂತು: "ಡೆಂಗಿ ಬಂದಾಗ ನಿಮ್ಮ ವಾಂತಿ ಬಾಚಿದ್ದು ಯಾರ್ರೀ? ಇದೇನು ಮಹಾ!"

ಆತ ಒಮ್ಮೆ "ಸತ್ತರೆ ಸಾಕು ಅನ್ಸುತ್ತೆ" ಅಂದಿದ್ದರು. ಅದನ್ನು ಬೇಸರದ ಮಾತು ಅಂತ ಬಿಡೋಕಾಗಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ, ರಾತ್ರಿ ಹೊತ್ತಿಗೆ ಬೇಕಾದೀತು ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕಲೆ ಪೂರ್ತಿ ಹೋಗಿಲ್ಲ, ಚಳಿಗಾಲಕ್ಕೆ ಮತ್ತೆ ಜಾಸ್ತಿ ಆಗಬಹುದು. ದಿವಾನ ಖಾಲಿಯಾಗಿದೆ. ಡಾಕ್ಟರ್ ಮೆಥೊಟ್ರೆಕ್ಸೇಟ್ ಮಾತ್ರೆ (ಸೋರಿಯಾಸಿಸ್‌ಗೆ ಕೊಡುವ ಔಷಧಿ, ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು) ಶುರು ಮಾಡುವ ಮಾತೆತ್ತಿದಾಗ, ನಮಗೆ ಮಗು ಬೇಕು, ಅದನ್ನು ನೋಡಿಕೊಂಡು ಔಷಧಿ ಕೊಡಿ ಅಂತ ಆತನೇ ಬಾಯಿಬಿಟ್ಟು ಹೇಳಿದರಂತೆ.